ಗಣಕಯಂತ್ರದ ಬಾಗಿಲು ಮುಚ್ಚಿದಾಗ

ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ ಕಾಲವನ್ನು ಗುಡಗೇರಿ ಸೀಮೆಯ ಹಿರಿಯರು ಬಲ್ಲರು. ಬಾಯಿಯ ಗುರುತು ಅಳಿದ ಮಾತ್ರಕ್ಕೆ ಒಳಗಿನ ಕಾಳು ಇಲ್ಲವಾಯಿತೆಂದು ಯಾರೂ ಬಗೆಯುತ್ತಿರಲಿಲ್ಲ. ಶಾಲೆಯ ಗಣಕಯಂತ್ರವು ಕಪ್ಪು ತೆರೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದಷ್ಟೇ ತೋರಿಸಿ ನಿಂತಾಗಲೂ ಇದೇ ವಿವೇಕವು ಅವಶ್ಯ. ಗಾಬರಿಗೊಂಡು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದರೆ ಅನೇಕ ವರ್ಷಗಳ ಅಂಕಪಟ್ಟಿಗಳೂ ದಾಖಲಾತಿ ವಿವರಗಳೂ ಕೈಬಿಟ್ಟು ಹೋದಾವು. ಕೆಟ್ಟಿರುವುದು ಬಹುಮಟ್ಟಿಗೆ ಬಾಗಿಲು ಮಾತ್ರ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ರಚಿಸಿ ಲೋಕಕ್ಕೆ ಹಂಚಿದನು. ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಲಿನಕ್ಸ್ ಆಧಾರಿತ ವ್ಯವಸ್ಥೆಯೇ ಬಳಕೆಯಲ್ಲಿದೆ. ಯಂತ್ರಕ್ಕೆ ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಅದರ ಮೂಲ ತಂತ್ರಾಂಶ. ಅದು ‘ಗ್ರಬ್’ ಎಂಬ ಚಾಲನಾ ಕಾರ್ಯಕ್ರಮವನ್ನು ಕರೆಯುತ್ತದೆ. ಗ್ರಬ್ ತಿರುಳನ್ನು ಸ್ಮೃತಿಗೆ ತರುತ್ತದೆ. ಹಳೆಯ ಯಂತ್ರಗಳಲ್ಲಿ ಗ್ರಬ್ಬಿನ ಮೊದಲ ತುಣುಕು ಡಿಸ್ಕಿನ ಆರಂಭದ 512 ಬೈಟುಗಳೊಳಗೆ ಅಡಗಿರುತ್ತದೆ. ಹೊಸ ಯಂತ್ರಗಳಲ್ಲಿ ಅದಕ್ಕೆ ‘ಇಎಫ್‌ಐ’ ಎಂಬ ಪ್ರತ್ಯೇಕ ವಿಭಾಗವುಂಟು. ಅದೇ ಯಂತ್ರದಲ್ಲಿ ವಿಂಡೋಸನ್ನು ಮರುಸ್ಥಾಪಿಸಿದಾಗ ಅಥವಾ ವಿಭಾಗಗಳನ್ನು ಬದಲಿಸಿದಾಗ ಈ ಕೊಂಡಿಯು ಕಳಚುವುದುಂಟು.

ದುರಸ್ತಿಗೆ ಬೇಕಾದುದು ಉಬುಂಟು ಮೊದಲಾದ ಲಿನಕ್ಸನ್ನು ಬರೆದಿಟ್ಟ ಒಂದು ಪೆನ್‌ಡ್ರೈವ್. ಯಂತ್ರವನ್ನು ಅದರಿಂದಲೇ, ಮೊದಲಿದ್ದ ಕ್ರಮದಲ್ಲಿಯೇ ಚಾಲನೆಗೊಳಿಸಿ, ‘ಸ್ಥಾಪಿಸು’ ಎಂಬುದನ್ನು ಬಿಟ್ಟು ‘ಪ್ರಯೋಗಿಸು’ ಎಂಬುದನ್ನು ಆರಿಸಬೇಕು. ಮುಖ್ಯ ಕಡತಗಳನ್ನು ಮೊದಲು ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳುವುದು ಲೇಸು. ಬಳಿಕ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆಯಿಂದ ಲಿನಕ್ಸ್ ಇರುವ ವಿಭಾಗವನ್ನು ಗುರುತಿಸಿ, ‘ಮೌಂಟ್’ ಆಜ್ಞೆಯಿಂದ ಜೋಡಿಸಬೇಕು. ಹೊಸ ಯಂತ್ರವಾದರೆ ಇಎಫ್‌ಐ ವಿಭಾಗವನ್ನೂ ಅದರೊಳಗಿನ ‘ಬೂಟ್’ ಕೋಶದ ‘ಇಎಫ್‌ಐ’ ಸ್ಥಾನಕ್ಕೆ ಜೋಡಿಸಬೇಕು. ‘ಡೆವ್’, ‘ಪ್ರಾಕ್’, ‘ಸಿಸ್’ ಎಂಬ ಮೂರು ಕೋಶಗಳನ್ನು ಬೆಸೆದು, ‘ಸಿಎಚ್‌ರೂಟ್’ ಆಜ್ಞೆಯಿಂದ ಒಳಹೊಕ್ಕರೆ, ಮಲಗಿದ್ದ ವ್ಯವಸ್ಥೆಯೊಳಗೇ ನಿಂತು ಕೆಲಸ ಮಾಡಿದಂತಾಗುತ್ತದೆ. ಅಲ್ಲಿ ‘ಗ್ರಬ್-ಇನ್‌ಸ್ಟಾಲ್’, ತರುವಾಯ ‘ಅಪ್‌ಡೇಟ್-ಗ್ರಬ್’ ಎಂಬ ಆಜ್ಞೆಗಳನ್ನು ಕೊಡಬೇಕು. ಹಳೆಯ ಯಂತ್ರದಲ್ಲಿ ಮೊದಲನೆಯ ಆಜ್ಞೆಗೆ ವಿಭಾಗದ ಹೆಸರನ್ನಲ್ಲ, ಇಡೀ ಡಿಸ್ಕಿನ ಹೆಸರನ್ನು ಕೊಡಬೇಕೆಂಬುದನ್ನು ಮರೆಯಬಾರದು. ಹೊರಬಂದು ಪೆನ್‌ಡ್ರೈವ್ ತೆಗೆದು ಪುನಃ ಚಾಲನೆ ಮಾಡಿದರೆ ಬಾಗಿಲು ತೆರೆಯುತ್ತದೆ. ಡಿಸ್ಕೇ ಸವೆದಿದ್ದರೆ ಮಾತ್ರ ಈ ಉಪಾಯವು ಫಲಿಸದು.

ದಾನಿಗಳ ನೆರವಿನಿಂದ ಬಂದ ಯಂತ್ರವನ್ನು ಉಳಿಸಿಕೊಳ್ಳುವುದು ಕಾಯಕ. ಕಲಿತುದನ್ನು ಬೇಲೆಯಿಲ್ಲದೆ ಹಂಚುವುದು ದಾಸೋಹ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಾದರೂ ಇಬ್ಬರು ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಕಲಿಸಿದರೆ, ಮಕ್ಕಳ ದಾಖಲೆಗಳು ಪರರ ಅವಸರಕ್ಕೆ ಬಲಿಯಾಗಲಾರವು.