ಟಿಪ್ಪರ್ ಟ್ರೈಲರ್ ಖರೀದಿಗೆ ಮುನ್ನ: ತೊಟ್ಟಿಯ ಗಾತ್ರವಲ್ಲ, ಸರಕಿನ ತೂಕ ಮುಖ್ಯ

ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ ಮಣ್ಣು, ಕಬ್ಬಿಣದ ಅದಿರು, ಕಲ್ಲಿದ್ದಲು, ಹಾರುಬೂದಿ ಮುಂತಾದ ಸರಕುಗಳ ವ್ಯವಹಾರದಲ್ಲಿ ತೊಡಗಿರುವ ನಮ್ಮ ಉದ್ಯಮಿಗಳಿಗೆ ಸಾಗಾಣಿಕೆಯ ವೆಚ್ಚವೇ ಲಾಭನಷ್ಟಗಳನ್ನು ನಿರ್ಧರಿಸುವ ಅಂಶವಾಗಿದೆ. ಕ್ವಾರಿಯ ಬಾಗಿಲಲ್ಲಿ ಅಗ್ಗವಾಗಿ ದೊರೆಯುವ ಜಲ್ಲಿಯು ಐವತ್ತು ಕಿಲೋಮೀಟರ್ ದೂರದ ಕಟ್ಟಡದ ಬಳಿ ತಲುಪುವಷ್ಟರಲ್ಲಿ ದುಬಾರಿಯಾಗಿರುತ್ತದೆ. ಆದ್ದರಿಂದ ಅನೇಕ ಸಣ್ಣ ಉದ್ದಿಮೆದಾರರು ಬಾಡಿಗೆ ಲಾರಿಗಳನ್ನು ಅವಲಂಬಿಸುವ ಬದಲು ಸ್ವಂತ ಟಿಪ್ಪರ್ ಅಥವಾ ಟಿಪ್ಪರ್ ಟ್ರೈಲರ್ ಖರೀದಿಸಲು ಮುಂದಾಗುತ್ತಾರೆ. ಹೀಗೆ ಖರೀದಿಸುವಾಗ ಬಹುತೇಕ ಮಂದಿ ಕೇಳುವ ಮೊದಲ ಪ್ರಶ್ನೆ, “ಇದರಲ್ಲಿ ಎಷ್ಟು ಯೂನಿಟ್ ಹಿಡಿಯುತ್ತದೆ?” ಎಂಬುದು. ವಾಸ್ತವವಾಗಿ ಕೇಳಬೇಕಾದ ಪ್ರಶ್ನೆ, “ನನ್ನ ಸರಕನ್ನು ತುಂಬಿದರೆ ಎಷ್ಟು ಟನ್ ಆಗುತ್ತದೆ?” ಎಂಬುದಾಗಿದೆ. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸವನ್ನು ಅರಿಯದೆ ಹೂಡಿದ ಬಂಡವಾಳವು ದಂಡ, ದುರಸ್ತಿ ಮತ್ತು ಅಪಘಾತಗಳ ರೂಪದಲ್ಲಿ ಸೋರಿಹೋಗುವುದನ್ನು ಕಾಣುತ್ತಿದ್ದೇವೆ.

ಗಾತ್ರ ಮತ್ತು ತೂಕ

ಮರಳು, ಜಲ್ಲಿಗಳ ವ್ಯಾಪಾರದಲ್ಲಿ 100 ಘನ ಅಡಿಗೆ ಒಂದು ಯೂನಿಟ್ ಎನ್ನುವುದು ವಾಡಿಕೆ. ಉತ್ತರ ಕರ್ನಾಟಕದ ಹಲವೆಡೆ ಇದನ್ನೇ ಬ್ರಾಸ್ ಎನ್ನುತ್ತಾರೆ. ಇದು 2.83 ಘನ ಮೀಟರಿಗೆ ಸಮ. ಒಣ ಎಂ-ಸ್ಯಾಂಡ್ ಅಥವಾ ಜಲ್ಲಿಯು ಒಂದು ಘನ ಮೀಟರಿಗೆ ಸುಮಾರು 1.6 ಟನ್ ತೂಗುವುದರಿಂದ, ಒಂದು ಯೂನಿಟ್‌ನ ತೂಕ ನಾಲ್ಕೂವರೆ ಟನ್‌ನಷ್ಟಾಗುತ್ತದೆ. ಪುಡಿಮಾಡಿದ ಕಬ್ಬಿಣದ ಅದಿರು ದರ್ಜೆಗೆ ಅನುಗುಣವಾಗಿ ಘನ ಮೀಟರಿಗೆ ಎರಡೂವರೆ ಟನ್ ಅಥವಾ ಅದಕ್ಕೂ ಮಿಗಿಲಾಗಿ ತೂಗುತ್ತದೆ. ಕಲ್ಲಿದ್ದಲು ಸುಮಾರು 0.85 ಟನ್ ಮಾತ್ರ. ಅಂದರೆ ಕಲ್ಲಿದ್ದಲಿಗೆ ತಕ್ಕದಾದ ತೊಟ್ಟಿಯಲ್ಲಿ ಅದಿರನ್ನು ತುಂಬಿದರೆ ಭಾರವು ಮೂರು ಪಟ್ಟಾಗುತ್ತದೆ.

ಇವು ಸಾಮಾನ್ಯ ಅಂದಾಜುಗಳೇ ಹೊರತು ಪ್ರತಿಯೊಬ್ಬರ ಸರಕಿಗೂ ಅನ್ವಯಿಸುವ ಲೆಕ್ಕಗಳಲ್ಲ. ತಮ್ಮ ಸರಕಿನ ತೂಕವನ್ನು ಉದ್ಯಮಿಗಳು ತಾವೇ ಸುಲಭವಾಗಿ ಕಂಡುಕೊಳ್ಳಬಹುದು. ಕಾಂಕ್ರೀಟ್ ಕೆಲಸದಲ್ಲಿ ಬಳಸುವ 35 ಲೀಟರ್‌ನ ಅಳತೆ ಪೆಟ್ಟಿಗೆಯಲ್ಲಿ ಸರಕನ್ನು ತುಂಬಿ, ಮೇಲ್ಭಾಗವನ್ನು ಸಮಮಾಡಿ ತೂಗಬೇಕು. ಬಂದ ಕಿಲೋಗ್ರಾಂ ತೂಕವನ್ನು 35ರಿಂದ ಭಾಗಿಸಿದರೆ ಘನ ಮೀಟರಿಗೆ ಎಷ್ಟು ಟನ್ ಎಂಬುದು ದೊರೆಯುತ್ತದೆ. 56 ಕಿಲೋ ಬಂದರೆ 1.6 ಟನ್. ಇದೇ ಪರೀಕ್ಷೆಯನ್ನು ಮಳೆಗಾಲದಲ್ಲಿ ನೆನೆದ ಸರಕಿಗೂ ಮಾಡುವುದು ಒಳಿತು. ತೊಟ್ಟಿಯ ಗಾತ್ರವನ್ನು ನಿರ್ಧರಿಸುವಾಗ ಇವೆರಡರಲ್ಲಿ ಹೆಚ್ಚಿನ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾನೂನು ವಿಧಿಸಿರುವ ಮಿತಿ

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವು 2018ರ ಜುಲೈ ತಿಂಗಳಲ್ಲಿ ಹೊರಡಿಸಿದ ಅಧಿಸೂಚನೆಯ ಮೂಲಕ ಆಕ್ಸಲ್ ಭಾರದ ಮಿತಿಗಳನ್ನು ಹೆಚ್ಚಿಸಿತು. ಅದರಂತೆ ಎರಡು ಟೈರುಗಳ ಆಕ್ಸಲ್‌ಗೆ 7 ಟನ್, ನಾಲ್ಕು ಟೈರುಗಳ ಆಕ್ಸಲ್‌ಗೆ 11.5 ಟನ್, ಜೋಡಿ ಆಕ್ಸಲ್‌ಗೆ 21 ಟನ್ ಹಾಗೂ ಮೂರು ಆಕ್ಸಲ್‌ಗಳ ಗುಂಪಿಗೆ 27 ಟನ್ ಮಿತಿಯಿದೆ. ಟ್ರೈಲರ್ ಸಹಿತ ವಾಹನದ ಒಟ್ಟು ಭಾರದ ಗರಿಷ್ಠ ಮಿತಿಯು 49ರಿಂದ 55 ಟನ್‌ಗೆ ಏರಿತು. ಆದಾಗ್ಯೂ ನಿರ್ದಿಷ್ಟ ವಾಹನವೊಂದಕ್ಕೆ ಅನ್ವಯಿಸುವುದು ಅದರ ನೋಂದಣಿ ಪತ್ರದಲ್ಲಿ ನಮೂದಾಗಿರುವ ಭಾರವೇ ಎಂಬುದನ್ನು ಮರೆಯಬಾರದು.

ಈಗ ಒಂದು ಉದಾಹರಣೆಯನ್ನು ನೋಡೋಣ. ಮುಂದೆ ಒಂದು, ಹಿಂದೆ ಜೋಡಿ ಆಕ್ಸಲ್ ಇರುವ ಹತ್ತು ಚಕ್ರದ ಟಿಪ್ಪರಿನ ಒಟ್ಟು ಭಾರವನ್ನು ಆಕ್ಸಲ್ ಲೆಕ್ಕದಂತೆ 28 ಟನ್ ಎಂದಿಟ್ಟುಕೊಳ್ಳೋಣ. ತೊಟ್ಟಿಯೂ ಸೇರಿ ಖಾಲಿ ವಾಹನದ ತೂಕ 11 ಟನ್ ಆದರೆ, ಸರಕಿಗೆ ಉಳಿಯುವುದು 17 ಟನ್. ಇದಕ್ಕೆ ಬೇಕಾದ ತೊಟ್ಟಿಯ ಗಾತ್ರ ಅದಿರಿಗಾದರೆ 7 ಘನ ಮೀಟರಿಗಿಂತ ಕಡಿಮೆ, ಎಂ-ಸ್ಯಾಂಡಿಗೆ ಸುಮಾರು ಹತ್ತೂವರೆ, ಕಲ್ಲಿದ್ದಲಿಗೆ 20 ಘನ ಮೀಟರ್. ಯೂನಿಟ್ ಲೆಕ್ಕದಲ್ಲಿ ಹೇಳುವುದಾದರೆ ಈ ವಾಹನವು ಕಾನೂನುಬದ್ಧವಾಗಿ ಸಾಗಿಸಬಹುದಾದದ್ದು ಮೂರೂಮುಕ್ಕಾಲು ಯೂನಿಟ್ ಎಂ-ಸ್ಯಾಂಡ್ ಮಾತ್ರ.

ಇದೇ ವಾಹನಕ್ಕೆ 16 ಘನ ಮೀಟರಿನ ತೊಟ್ಟಿಯನ್ನು ಕೂಡಿಸಿ, ಅಂಚಿನವರೆಗೆ ಎಂ-ಸ್ಯಾಂಡ್ ತುಂಬಿದರೆ 25 ಟನ್ ಮೀರುತ್ತದೆ. ಅದಿರು ತುಂಬಿದರೆ 40 ಟನ್ ಆಗುತ್ತದೆ, ಅಂದರೆ ಮಿತಿಗಿಂತ 23 ಟನ್ ಅಧಿಕ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮೋಟಾರು ವಾಹನಗಳ ಕಾಯಿದೆಯ 194ನೇ ಪ್ರಕರಣವು ಅತಿಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ. ಮೇಲಿನ ಅದಿರಿನ ಉದಾಹರಣೆಯಲ್ಲಿ ಇದು 66,000 ರೂಪಾಯಿಗಳಾಗುತ್ತದೆ. ಅಷ್ಟೇ ಅಲ್ಲ, ಹೆಚ್ಚುವರಿ ಸರಕನ್ನು ಇಳಿಸುವ ತನಕ ವಾಹನ ಮುಂದೆ ಸಾಗುವಂತಿಲ್ಲ. ಇಳಿಸುವ ಖರ್ಚೂ ಹೊಣೆಗಾರರದೇ. ಚಾಲಕನು ತನಗೆ ತಿಳಿಸದೆ ತುಂಬಿದನೆಂಬ ಮಾಲೀಕನ ಸಮಜಾಯಿಷಿಗೆ ಸುಲಭವಾಗಿ ಮನ್ನಣೆ ಸಿಗದು. ಮಾಲೀಕನಿಗೆ ಅರಿವಿತ್ತೆಂದು 113ನೇ ಪ್ರಕರಣದಡಿ ನ್ಯಾಯಾಲಯವು ಭಾವಿಸಬಹುದು.

ದೊಡ್ಡ ತೊಟ್ಟಿಯಿದ್ದರೂ ಅರ್ಧಕ್ಕೇ ನಿಲ್ಲಿಸಬಹುದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಆದರೆ ತುಂಬುವ ಸ್ಥಳದಲ್ಲಿ ಮಾಲೀಕರು ಇರುವುದಿಲ್ಲ. ತೊಟ್ಟಿಯಲ್ಲಿ ಜಾಗವಿದ್ದರೆ ಲೋಡರ್ ನಡೆಸುವವನು ಇನ್ನೊಂದು ಬಕೆಟ್ ಸುರಿಯುತ್ತಾನೆ, ಗಿರಾಕಿಯೂ ಅದನ್ನೇ ಬಯಸುತ್ತಾನೆ. ಸರಕಿಗೆ ತಕ್ಕ ಗಾತ್ರದ ತೊಟ್ಟಿಯೇ ಅತಿಭಾರವನ್ನು ತಡೆಯುವ ನಂಬಿಕಸ್ಥ ಕಾವಲುಗಾರ.

ಅತಿಭಾರದ ಗುಪ್ತ ವೆಚ್ಚ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯ ಬಳಿಕ ಎಂಜಿನಿಯರುಗಳು ಒಂದು ಸೂತ್ರವನ್ನು ಬಳಸುತ್ತ ಬಂದಿದ್ದಾರೆ. ಆಕ್ಸಲ್ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿಯು ಸರಿಸುಮಾರು ಅದರ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ಭಾರ ಶೇ. 20ರಷ್ಟು ಅಧಿಕವಾದರೆ ಹಾನಿ ಇಮ್ಮಡಿಯಾಗುತ್ತದೆ. ಹಾಳಾದ ಕ್ವಾರಿ ರಸ್ತೆಯಲ್ಲಿ ಓಡಾಡಬೇಕಾದವರು ಅದೇ ಲಾರಿಗಳ ಮಾಲೀಕರೇ. ಟೈರು, ಪಟ್ಟಾ, ಬ್ರೇಕ್ ಲೈನಿಂಗ್, ಕ್ಲಚ್ ಇವುಗಳ ಸವೆತವೂ ಹೆಚ್ಚುತ್ತದೆ. ಇಳಿಜಾರಿನಲ್ಲಿ ವಾಹನ ನಿಲ್ಲದೇ ಹೋದಾಗ ಆಗುವ ಪ್ರಾಣಹಾನಿಗೆ ಬೆಲೆ ಕಟ್ಟಲಾಗದು.

ಟಿಪ್ಪರೋ, ಟ್ರೈಲರೋ?

ದೂರ ಕಡಿಮೆಯಿದ್ದು, ದಾರಿ ಕಡಿದಾಗಿ, ಇಳಿಸುವ ಸ್ಥಳ ಇಕ್ಕಟ್ಟಾಗಿದ್ದರೆ ಒಂದೇ ಚಾಸಿಯ ಟಿಪ್ಪರ್ ಸೂಕ್ತ. ಕ್ವಾರಿಯೊಳಗೆ, ನಗರದ ಕಟ್ಟಡಗಳ ಬಳಿ ಇದರ ಬಳಕೆ ಅನುಕೂಲಕರ. ದೂರ ಹೆಚ್ಚಿದ್ದು, ರಸ್ತೆ ಉತ್ತಮವಾಗಿ, ತುಂಬುವ ಹಾಗೂ ಇಳಿಸುವ ಸ್ಥಳಗಳು ವಿಶಾಲವಾಗಿದ್ದರೆ ಟ್ರೈಲರ್ ಲಾಭದಾಯಕ. ಎರಡು ಆಕ್ಸಲ್‌ನ ಪುಲ್ಲರ್‌ಗೆ ಮೂರು ಆಕ್ಸಲ್‌ನ ಟ್ರೈಲರ್ ಜೋಡಿಸಿದರೆ 7, 11.5 ಮತ್ತು 27 ಸೇರಿ 45.5 ಟನ್ ಆಗುತ್ತದೆ. ಖಾಲಿ ತೂಕ ಹದಿನೈದೂವರೆ ಟನ್ ಎಂದುಕೊಂಡರೆ 30 ಟನ್ ಸರಕನ್ನು ಒಬ್ಬನೇ ಚಾಲಕ ಒಯ್ಯಬಲ್ಲ. ಈ 30 ಟನ್‌ಗೆ ಅದಿರಿಗಾದರೆ 12 ಘನ ಮೀಟರ್ ಸಾಕು. ಕಲ್ಲಿದ್ದಲಿಗೆ 35 ಘನ ಮೀಟರ್ ಬೇಕು. ಒಂದೇ ಟ್ರೈಲರನ್ನು ಎರಡಕ್ಕೂ ಬಳಸುವೆವೆಂಬ ಆಸೆ ನಷ್ಟಕ್ಕೆ ದಾರಿ.

ಕೃಷಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಟ್ರೈಲರ್ ಅಗ್ಗವೆಂದು ಇಟ್ಟಿಗೆ ಗೂಡು ಮತ್ತು ಕಲ್ಲು ವ್ಯಾಪಾರದಲ್ಲಿ ಬಳಸುವವರು ಬಹಳ. ಅನೇಕ ಟ್ರೈಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಕೃಷಿ ಉದ್ದೇಶಕ್ಕೆಂದು ನೋಂದಾಯಿಸಿದ ವಾಹನವನ್ನು ವಾಣಿಜ್ಯ ಸಾಗಾಟಕ್ಕೆ ಬಳಸುವಾಗ ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೆ ತೊಡಕುಂಟಾಗಿ, ಹೊರೆ ಮಾಲೀಕನ ತಲೆಯ ಮೇಲೆ ಬೀಳುವ ಸಂಭವವಿದೆ.

ತೊಟ್ಟಿಯ ಉಕ್ಕು ಮತ್ತು ಎತ್ತುವ ವ್ಯವಸ್ಥೆ

ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 6 ಮೀಟರ್ ಉದ್ದ, 2.3 ಮೀಟರ್ ಅಗಲದ ತಳಕ್ಕೆ 8 ಮಿ.ಮೀ. ಸಾಮಾನ್ಯ ಉಕ್ಕಿನ ಬದಲು 6 ಮಿ.ಮೀ. ಸವೆತ ನಿರೋಧಕ ಉಕ್ಕನ್ನು ಬಳಸಿದರೆ ಸುಮಾರು 217 ಕಿಲೋ ಉಳಿಯುತ್ತದೆ. ದಿನಕ್ಕೆ ನಾಲ್ಕು ಟ್ರಿಪ್‌ನಂತೆ 300 ದಿನ ಓಡಿಸಿದರೆ ವರ್ಷಕ್ಕೆ 260 ಟನ್ ಸರಕನ್ನು ಕಾನೂನಿನೊಳಗೇ ಹೆಚ್ಚಾಗಿ ಸಾಗಿಸಬಹುದು. ಆದರೆ ದೊಡ್ಡ ಕಲ್ಲುಗಳನ್ನು ಎತ್ತರದಿಂದ ಸುರಿಯುವ ಕಡೆ ತಳ ದಪ್ಪವಾಗಿಯೇ ಇರಬೇಕು. ಮಣ್ಣು, ಎಂ-ಸ್ಯಾಂಡ್‌ಗೆ ಅಷ್ಟು ದಪ್ಪ ಅನಗತ್ಯ.

ಜಾಕ್ ತಳದಲ್ಲಿರುವ ವ್ಯವಸ್ಥೆ ಚಿಕ್ಕ ತೊಟ್ಟಿಗಳಿಗೆ ಸಾಕಾಗುತ್ತದೆ. ಉದ್ದನೆಯ ತೊಟ್ಟಿಗೆ ಮುಂಭಾಗದಲ್ಲಿ ನಿಲ್ಲುವ, ಹಂತಹಂತವಾಗಿ ಚಾಚುವ ಜಾಕ್ ಉತ್ತಮ. ಏಕೆಂದರೆ ಅದು ತಿರುಗಣಿಯಿಂದ ದೂರವಿದ್ದು ಕಡಿಮೆ ಬಲದಿಂದ ಎತ್ತುತ್ತದೆ. ಒಣ ಮರಳು ಸುಲಭವಾಗಿ ಜಾರಿದರೂ, ಒದ್ದೆ ಮಣ್ಣು ಮತ್ತು ಅದಿರಿನ ಪುಡಿ ತಳಕ್ಕೆ ಅಂಟಿಕೊಳ್ಳುವುದರಿಂದ ತೊಟ್ಟಿಯು 45 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ವಾಲುವಂತಿರಬೇಕು.

ಇಲ್ಲಿಯೇ ಅಪಾಯವೂ ಇದೆ. ಎತ್ತಿದ ತೊಟ್ಟಿಯಲ್ಲಿ ಸರಕಿನ ಭಾರಕೇಂದ್ರ ನೆಲದಿಂದ 4 ಮೀಟರ್ ಎತ್ತರದಲ್ಲಿದ್ದು, ನೆಲ ಕೇವಲ 3 ಡಿಗ್ರಿ ಪಕ್ಕಕ್ಕೆ ವಾಲಿದ್ದರೂ ಭಾರವು 21 ಸೆಂಟಿಮೀಟರ್ ಒಂದು ಬದಿಗೆ ಸರಿಯುತ್ತದೆ. ಸರಕು ಒಂದು ಮೂಲೆಯಲ್ಲಿ ಅಂಟಿಕೊಂಡಿದ್ದರೆ ವಾಹನ ಮಗುಚಲು ಅಷ್ಟೇ ಸಾಕು. ನೆಲ ಸಮತಟ್ಟಾಗಿಲ್ಲದ ಕಡೆಗೆ ಪಕ್ಕಕ್ಕೆ ಸುರಿಯುವ ಟ್ರೈಲರನ್ನು ಪರಿಶೀಲಿಸಬಹುದು. ಅದರ ತೊಟ್ಟಿ ಅಷ್ಟು ಎತ್ತರಕ್ಕೆ ಏಳುವುದಿಲ್ಲ. ಹಿಂದಕ್ಕೆ ಸುರಿಯುವ 9 ಮೀಟರ್ ಉದ್ದದ ತೊಟ್ಟಿ 45 ಡಿಗ್ರಿಗೆ ಏರಿದಾಗ ಅದರ ಮುಂತುದಿ ನೆಲದಿಂದ ಏಳು ಮೀಟರಿಗೂ ಮೇಲಿರುತ್ತದೆ. ಹಳ್ಳಿಯ ದಾರಿಗಳಲ್ಲಿ ವಿದ್ಯುತ್ ತಂತಿಗಳು ಇದಕ್ಕಿಂತ ಕೆಳಗಿರುವುದು ಸಾಮಾನ್ಯ. ಆದ್ದರಿಂದ ತಂತಿಯ ಕೆಳಗೆ ತೊಟ್ಟಿ ಎತ್ತಬಾರದೆಂಬುದನ್ನೂ, ತೊಟ್ಟಿ ಇಳಿದ ಮೇಲೆಯೇ ವಾಹನ ಚಲಿಸಬೇಕೆಂಬುದನ್ನೂ ಚಾಲಕರಿಗೆ ಕಟ್ಟುನಿಟ್ಟಾಗಿ ತಿಳಿಸತಕ್ಕದ್ದು.

ಮಾರುಕಟ್ಟೆಯ ಏರಿಳಿತ

2000ದ ದಶಕದಲ್ಲಿ ಅದಿರಿನ ಬೇಡಿಕೆ ಏರಿದಾಗ ಹೊಸಪೇಟೆ, ಸಂಡೂರು ಭಾಗದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅದಿರನ್ನೇ ನೆಚ್ಚಿಕೊಂಡಿದ್ದ ಮಾಲೀಕರು ಕಂಗಾಲಾದರು. ವಾಹನಕ್ಕೆ ಎರಡನೆಯ ಕೆಲಸ ಯಾವುದೆಂಬುದನ್ನು ಖರೀದಿಗೆ ಮೊದಲೇ ಯೋಚಿಸಬೇಕೆಂಬುದು ಇದರ ಪಾಠ. ತೂಕದಲ್ಲಿ ಹತ್ತಿರವಿರುವ ಜಲ್ಲಿ, ಎಂ-ಸ್ಯಾಂಡ್, ಮಣ್ಣುಗಳಿಗೆ ಒಂದೇ ತೊಟ್ಟಿ ಒಗ್ಗುತ್ತದೆ. ಅದಿರು ಹಾಗೂ ಕಲ್ಲಿದ್ದಲಿಗೆ ಒಗ್ಗದು.

ಖರೀದಿಗೆ ಮುನ್ನ ಪರಿಶೀಲಿಸಬೇಕಾದವು

1. ಸರಕಿನ ತೂಕ ಘನ ಮೀಟರಿಗೆ ಎಷ್ಟು? ಒಣಗಿದಾಗ ಮತ್ತು ನೆನೆದಾಗ ಬೇರೆ ಬೇರೆಯಾಗಿ ಬರೆದಿಡಿ.
2. ತೊಟ್ಟಿ ಸಹಿತ ಖಾಲಿ ವಾಹನದ ತೂಕವನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ. ವಿತರಣೆಯ ದಿನ ವೇಬ್ರಿಡ್ಜ್‌ನಲ್ಲಿ ತೂಗಿಸಿ ತಾಳೆ ನೋಡಿ.
3. ತೊಟ್ಟಿಯನ್ನು ಪ್ರತ್ಯೇಕವಾಗಿ ಕಟ್ಟಿಸುವುದಾದರೆ ನೋಂದಣಿಗೆ ಬೇಕಾದ ನಮೂನೆ 22-ಎ ಪ್ರಮಾಣಪತ್ರ ದೊರೆಯುವುದೇ ಎಂದು ಮೊದಲೇ ಕೇಳಿ.
4. ಟ್ರೈಲರಿನ ಬ್ರೇಕ್, ಜಾಕಿನ ಸೀಲು, ಪಂಪು ಇವುಗಳ ಬಿಡಿಭಾಗ ಹತ್ತಿರದ ಊರಿನಲ್ಲಿ ಸಿಗುವುದೇ?
5. ಮಾಸಿಕ ಕಂತನ್ನಷ್ಟೇ ನೋಡದೆ, ಕಾನೂನುಬದ್ಧ ಭಾರದಲ್ಲಿ ಪ್ರತಿ ಟನ್ನಿಗೆ ಬೀಳುವ ವೆಚ್ಚವನ್ನು ಲೆಕ್ಕ ಹಾಕಿ.

ಕೊನೆಯ ಅಂಶವು ಎಲ್ಲಕ್ಕಿಂತ ಮುಖ್ಯವಾದುದು. ಅತಿಭಾರ ತುಂಬಿದರೆ ಮಾತ್ರ ಕಂತು ತೀರುತ್ತದೆ ಎಂದು ಲೆಕ್ಕ ತೋರಿಸಿದರೆ ಆ ವಾಹನ ನಿಮ್ಮ ವ್ಯವಹಾರಕ್ಕೆ ಸೂಕ್ತವಲ್ಲವೆಂದೇ ಅರ್ಥ. ಅಂತಹ ಸಂದರ್ಭದಲ್ಲಿ ಸಾಗಾಟದ ದರವನ್ನು ಗಿರಾಕಿಯೊಂದಿಗೆ ಮತ್ತೆ ಮಾತನಾಡುವುದು ಅಥವಾ ಬಾಡಿಗೆ ವಾಹನಗಳಲ್ಲಿಯೇ ಮುಂದುವರಿಯುವುದು ವಿವೇಕದ ಕ್ರಮವಾಗುತ್ತದೆ.