ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್: ಎರಡೂ ಒಂದೇನಾ?

ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಬಳಸುವುದನ್ನು ನಾವು ಆಗಾಗ ನೋಡುತ್ತೇವೆ. ಆದರೆ ಇವು ಬೇರೆ ಬೇರೆ.

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ನಾಳ ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್. ಎದೆನೋವು, ಬೆವರು ಕಾಣಿಸಬಹುದು. ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಹೃದಯ ರಕ್ತ ಪಂಪ್ ಮಾಡುವುದನ್ನೇ ದಿಢೀರನೆ ನಿಲ್ಲಿಸಿದರೆ ಅದು ಕಾರ್ಡಿಯಾಕ್ ಅರೆಸ್ಟ್. ವ್ಯಕ್ತಿ ಕುಸಿದು ಪ್ರಜ್ಞೆ ತಪ್ಪುತ್ತಾರೆ. ಮೊದಲನೆಯದರಿಂದ ಎರಡನೆಯದು ಬರಲೂಬಹುದು.

ಎರಡಕ್ಕೂ ಮೊದಲು 108ಕ್ಕೆ ಕರೆ ಮಾಡಿ. ಪ್ರಜ್ಞೆ ಇದ್ದರೆ ಕೂರಿಸಿ. ಪ್ರಜ್ಞೆ ತಪ್ಪಿ ಸರಿಯಾಗಿ ಉಸಿರಾಡದಿದ್ದರೆ ತಕ್ಷಣ ಸಿಪಿಆರ್ ಆರಂಭಿಸಿ: ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತಿ.

‘ಹಾರ್ಟ್ ಅಟ್ಯಾಕ್ ಆದಾಗ ಜೋರಾಗಿ ಕೆಮ್ಮಿ’ ಎಂಬ ಫಾರ್ವರ್ಡ್ ಹಂಚಬೇಡಿ. ಕೆಮ್ಮಿದರೆ ಕಟ್ಟಿದ ನಾಳ ತೆರೆಯದು. ಕಾರ್ಡಿಯಾಕ್ ಅರೆಸ್ಟ್ ಆದವರಿಗಂತೂ ಕೆಮ್ಮಲು ಪ್ರಜ್ಞೆಯೇ ಇರುವುದಿಲ್ಲ.