ಹಿತ್ತಲಿನ ಪರದೇಶ: ಮುಂಡಗೋಡದ ಟಿಬೆಟಿನಲ್ಲಿ ಊಟ, ವಿಶ್ರಾಂತಿ, ತಿರುಗಾಟ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಎರಡನೆಯದಕ್ಕೆ ನಮ್ಮ ಕಾಲೇಜಿನ ಗ್ರಂಥಾಲಯವಿದೆ. ಮೊದಲನೆಯದಕ್ಕೆ ಹಣ ಬೇಕು. ಕಳೆದ ವರ್ಷ ಗ್ರಂಥಾಲಯದ ಮೂಲೆಯಲ್ಲಿ ಕುಳಿತು, ಪ್ರವಾಸಿಯೊಬ್ಬನು ತುರ್ಕಿಯ ಇಸ್ತಾಂಬೂಲ್ ನಗರದಲ್ಲಿ ಉಂಡದ್ದು, ದಣಿವಾರಿಸಿಕೊಂಡದ್ದು, ಸಂಜೆ ಹೊತ್ತು ತಿರುಗಾಡಿದ್ದು ಮುಂತಾದ ಅನುಭವಗಳನ್ನು ಓದುತ್ತಿದ್ದೆ. ನಡುವು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಹೀರುತ್ತ ಸಮುದ್ರವನ್ನು ನೋಡುವ ಆ ಭಾಗ್ಯವಂತನನ್ನು ಕಂಡು ನನಗೆ ಸಣ್ಣಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಪುಸ್ತಕ ಮುಚ್ಚಿದಾಗ ಒಂದು ವಿಚಾರ ಹೊಳೆಯಿತು. ನನ್ನ ಹಳ್ಳಿಯಿಂದ ಕೆಲವೇ ಮೈಲಿ ದೂರದಲ್ಲಿ ಬೇರೊಂದು ದೇಶವೇ ಬಂದು ನೆಲೆಸಿದೆ. ಇಪ್ಪತ್ತು ವರ್ಷ ಅದರ ಮಗ್ಗುಲಲ್ಲಿ ಬೆಳೆದ ನಾನು ಒಮ್ಮೆಯಾದರೂ ಅಲ್ಲಿ ಕುಳಿತು ಒಂದು ಲೋಟ ಚಹಾ ಕುಡಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ!

ನಾನು ಹೇಳುತ್ತಿರುವುದು ಮುಂಡಗೋಡದ ಟಿಬೆಟನ್ ಕಾಲನಿಯ ವಿಷಯ. ದಾಂಡೇಲಿಗೆ ಬರುವ ಪ್ರವಾಸಿಗರು ಕಾಳಿ ನದಿಯಲ್ಲಿ ದೋಣಿ ಹಾಯಿಸಿ, ಜೋಯಿಡಾದ ಕಾಡು ನೋಡಿ ಹಿಂದಿರುಗುತ್ತಾರೆ. ಮುಂಡಗೋಡದವರೆಗೆ ಬರುವವರು ಕಡಿಮೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಹೋಗಿ ನೋಡಿದವರು ವಿರಳವೆಂದು ತಿಳಿದ ಮೇಲೆ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಾಲ್ಕು ಮಾತು ಇತಿಹಾಸ. 1959ರ ಮಾರ್ಚ್ ತಿಂಗಳಲ್ಲಿ ದಲಾಯಿ ಲಾಮಾ ಅವರು ಲಾಸಾ ನಗರವನ್ನು ತೊರೆದು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಬಂದರು. ಇವರಿಗೆ ನೆಲೆ ಎಲ್ಲಿ? ಪ್ರಧಾನಿ ನೆಹರೂ ಅವರ ಕೋರಿಕೆಗೆ ಅಂದಿನ ಮೈಸೂರು ರಾಜ್ಯದ ಸರಕಾರ ಓಗೊಟ್ಟಿತು. 1960ರಲ್ಲಿ ಬೈಲಕುಪ್ಪೆಯಲ್ಲಿ ಮೊದಲ ವಸತಿ ಆರಂಭವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ 1966ರಲ್ಲಿ ಮುಂಡಗೋಡದ ಬಳಿ ಸುಮಾರು 4,000 ಎಕರೆ ಕಾಡಿನ ಭೂಮಿಯಲ್ಲಿ ಈ ವಸತಿ ತಲೆಯೆತ್ತಿತು. ಇದಕ್ಕೆ ಅವರು ಇಟ್ಟ ಹೆಸರು ‘ದೊಗುಲಿಂಗ್’. ಬಯಸಿದ್ದೆಲ್ಲ ದೊರೆಯುವ ನೆಲವೆಂದು ಅದರ ಅರ್ಥ. ಹಿಮದ ನಾಡಿನಿಂದ ಬಂದವರು ನಮ್ಮ ಮಲೆನಾಡಿನ ಸೆರಗಿನ ಮಳೆಯಲ್ಲಿ, ಸೆಕೆಯಲ್ಲಿ ಕಾಡು ಕಡಿದು ಭತ್ತ, ಗೋವಿನಜೋಳ ಬೆಳೆದರು. ಹೆಸರಿಟ್ಟಷ್ಟು ಸುಲಭವಾಗಿ ಬಯಸಿದ್ದೆಲ್ಲ ದೊರೆತಿರಲಾರದು.

ಆ ಗೋವಿನಜೋಳದ ಹೊಲಗಳಲ್ಲಿಯೇ ನನ್ನ ತಂದೆ ಬಹಳ ವರ್ಷ ಕೂಲಿ ಮಾಡಿದರು. ಕೆಲವೊಮ್ಮೆ ಸಂಜೆ ಬರುವಾಗ ಟವೆಲ್ಲಿನಲ್ಲಿ ಬಿಳಿಯ, ಮೆತ್ತಗಿನ, ಮಡಿಕೆ ಮಡಿಕೆಯಾದ ಒಂದು ರೊಟ್ಟಿಯನ್ನು ಕಟ್ಟಿಕೊಂಡು ಬರುತ್ತಿದ್ದರು. ನನ್ನ ಅಜ್ಜಿ ಅದನ್ನು ಒಳಗೆ ತರಗೊಡುತ್ತಿರಲಿಲ್ಲ. “ಯಾರ ಕೈಯಾಂದೋ ಏನೋ, ಕರಕ್ಕ ಹಾಕು” ಎನ್ನುತ್ತಿದ್ದಳು. ಕರುವಿಗೆ ಹಾಕಲು ಹೋದ ನಾನು ಮತ್ತು ನನ್ನ ತಂಗಿ ಅರ್ಧವನ್ನು ಕೊಟ್ಟಿಗೆಯಲ್ಲಿಯೇ ತಿಂದು ಮುಗಿಸುತ್ತಿದ್ದೆವು. ಆ ರೊಟ್ಟಿಯ ಹೆಸರೇನೆಂದು ನಮಗೆ ತಿಳಿದಿರಲಿಲ್ಲ.

ಇರಲಿ. ದೀಪಾವಳಿಯ ರಜೆಗೆ ಮುಂಚೆ ಒಂದು ಶನಿವಾರ ಹಳಿಯಾಳದಿಂದ ಕಲಘಟಗಿ, ತಡಸದ ಮೇಲೆ ಬಸ್ಸು ಬದಲಿಸುತ್ತ ಕಾಲನಿಯನ್ನು ತಲುಪಿದೆ. ಕಾಲಿಟ್ಟೊಡನೆ ಮನಸ್ಸನ್ನು ಸೆಳೆದವು ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟಗಳು. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಕ್ರಮವಾಗಿ ಆಕಾಶ, ಗಾಳಿ, ಬೆಂಕಿ, ನೀರು, ನೆಲ. ಅವುಗಳ ಮೇಲೆ ಅಚ್ಚಾದ ಪ್ರಾರ್ಥನೆಯನ್ನು ಗಾಳಿ ಎಲ್ಲರಿಗೂ ಹಂಚುತ್ತದೆಂಬುದು ಅವರ ನಂಬಿಕೆ. ಎರಡನೆಯದು ಅಂಗಡಿಗಳ ಹಲಗೆಯ ಮೇಲಿನ ಲಿಪಿ. ಕಾಣಲು ಅಪರಿಚಿತ, ಆದರೆ ಅಂಗಡಿಯ ಹುಡುಗನೊಬ್ಬನನ್ನು ಕೇಳಲಾಗಿ ಅವನು ತನ್ನ ಅಕ್ಷರಮಾಲೆಯನ್ನು ಒಪ್ಪಿಸಿದ: “ಕ, ಖ, ಗ, ಙ, ಚ, ಛ, ಜ, ಞ...” ನಾನು ಬೆರಗಾದೆ. ನಮ್ಮ ವರ್ಗೀಯ ವ್ಯಂಜನಗಳೇ! ಘ, ಝ ಮುಂತಾದವು ಮಾತ್ರ ಇಲ್ಲ. ಏಳನೆಯ ಶತಮಾನದಲ್ಲಿ ಭಾರತದ ಲಿಪಿಯನ್ನು ಆಧರಿಸಿ ಈ ಲಿಪಿ ರಚಿತವಾಯಿತೆಂದು ಟಿಬೆಟಿನ ಪರಂಪರೆಯೇ ಹೇಳುತ್ತದೆ. ಪರದೇಶವೆಂದು ಹೋದರೆ ಮೊದಲು ಎದುರಾದದ್ದು ನನ್ನ ಒಂದನೆಯ ಇಯತ್ತೆ.

ಇನ್ನು ಊಟದ ವಿಚಾರ. ಒಂದು ಚಿಕ್ಕ ಹೋಟೆಲನ್ನು ಹೊಕ್ಕೆ. ನನಗಾದರೋ ಒಳಗೆ ಅಳುಕು. ಯಾವುದರಲ್ಲಿ ಮಾಂಸವಿದೆ, ಯಾವುದರಲ್ಲಿ ಇಲ್ಲ ಎಂದು ಕೇಳಲು ಸಂಕೋಚ. ಹೋಟೆಲಿನ ಬಾಯಿ ನನ್ನ ಮುಖ ನೋಡಿಯೇ, “ವೆಜ್ ಐತಿ, ಕುಂದ್ರಿ” ಎಂದಳು. ಮೊದಲು ಬಂದದ್ದು ‘ಮೊಮೊ’. ನಮ್ಮ ಚೌತಿಯ ಹಬೆಯ ಕಡುಬನ್ನು ನೆನಪಿಸಿಕೊಳ್ಳಿರಿ. ಒಳಗೆ ಕಾಯಿಬೆಲ್ಲದ ಬದಲು ಹೆಚ್ಚಿದ ಎಲೆಕೋಸು, ಉಳ್ಳಾಗಡ್ಡಿ, ಹೊರಗೆ ಮೈದಾಹಿಟ್ಟಿನ ತೆಳುವಾದ ಪದರ. ಬೆರಳಿನಿಂದ ಇಡುವ ನೆರಿಗೆಯೂ ಅದೇ. ಜೊತೆಗೆ ‘ಸೆಪೆನ್’ ಎಂಬ ಕೆಂಪು ಚಟ್ನಿ. ರಂಜಕ ತಿಂದು ಬೆಳೆದ ನನ್ನ ಕಣ್ಣಿನಲ್ಲಿಯೂ ನೀರು ತರಿಸಿತು. ಅನಂತರ ‘ತುಕ್ಪಾ’. ಇದು ಶಾವಿಗೆಯನ್ನು ತರಕಾರಿಯ ಬಿಸಿಸಾರಿನಲ್ಲಿ ಬೇಯಿಸಿದ್ದು. ದೊಡ್ಡ ಬಟ್ಟಲಿನ ತುಂಬ ಕೊಡುತ್ತಾರೆ. ಚಳಿದೇಶದಲ್ಲಿ ಊಟವೂ ಕಂಬಳಿಯೂ ಎರಡೂ ಆಗುವ ಪದಾರ್ಥವಿದು.

ಕೊನೆಗೆ ಪಕ್ಕದ ಮೇಜಿಗೆ ಹೋಗುತ್ತಿದ್ದ ತಟ್ಟೆಯಲ್ಲಿ ಅದನ್ನು ಕಂಡೆ: ಬಿಳಿಯ, ಮೆತ್ತಗಿನ, ಮಡಿಕೆ ಮಡಿಕೆಯ ರೊಟ್ಟಿ. ಹೆಸರು ಕೇಳಿದೆ. ‘ತಿಂಗ್‌ಮೊ’. ಹುದುಗು ಬಂದ ಹಿಟ್ಟನ್ನು ಸುರುಳಿ ಸುತ್ತಿ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುತ್ತಾರೆ. ಒಂದನ್ನು ತರಿಸಿಕೊಂಡು ಮುರಿದು ಬಾಯಿಗಿಟ್ಟಾಗ ನಮ್ಮ ಕೊಟ್ಟಿಗೆಯ ವಾಸನೆ ಮೂಗಿಗೆ ಬಂದಂತಾಯಿತು. ಆಗ ನಾಚಿಕೆಯೂ ಆಯಿತು. ಕೂಲಿಯವನಿಗೆ ಯಾರೋ ತಮ್ಮ ಊಟದಲ್ಲಿ ಪಾಲು ಕೊಟ್ಟಿದ್ದರು. ನಾವು ಅದನ್ನು ಕರುವಿನ ಪಾಲೆಂದಿದ್ದೆವು.

ಊಟವಾದ ಮೇಲೆ ತಂದೆಯವರು ಹೇಳಿದ ಗುರುತು ಹಿಡಿದು, ಅವರು ಕೂಲಿ ಮಾಡುತ್ತಿದ್ದ ಹೊಲದ ಹಿರಿಯರ ಮನೆಯನ್ನು ಹುಡುಕಿದೆ. ಎಪ್ಪತ್ತರ ಹತ್ತಿರದ ಆ ಅಜ್ಜ ಹೆಸರು ಹೇಳಿದೊಡನೆ ಗುರುತಿಸಿದರು. “ಬಾ ತಮ್ಮಾ, ಒಳಗ ಬಾ. ನಿಮ್ಮಪ್ಪ ಹ್ಯಾಂಗದಾನ?” ಹುಬ್ಬಳ್ಳಿಯ ಸಂತೆಯಲ್ಲಿ ಕಲಿತ ಕನ್ನಡ, ನನ್ನದಕ್ಕಿಂತ ಗಟ್ಟಿಯಾಗಿತ್ತು. ಅಲ್ಲಿ ನನಗೆ ಬೆಣ್ಣೆಚಹಾ ದೊರೆಯಿತು. ಚಹಾದ ಕಷಾಯಕ್ಕೆ ಬೆಣ್ಣೆ ಮತ್ತು ಉಪ್ಪು ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು ಪದ್ಧತಿ. ಎತ್ತರದ ಚಳಿಯಲ್ಲಿ ಮೈಗೆ ಜಿಡ್ಡೂ ಉಪ್ಪೂ ಬೇಕು. ಆದ್ದರಿಂದ ಈ ಪೇಯ. ಚಹಾ ಎಂದುಕೊಂಡು ಕುಡಿದರೆ ನಿರಾಸೆ. ತೆಳ್ಳಗಿನ ಸಾರು ಎಂದುಕೊಂಡು ಕುಡಿದರೆ ರುಚಿ! ಇನ್ನೊಂದು ಎಚ್ಚರಿಕೆಯ ಮಾತು. ಒಂದು ಗುಟುಕು ಕುಡಿದೊಡನೆ ಬಟ್ಟಲನ್ನು ಮತ್ತೆ ತುಂಬುತ್ತಾರೆ. ಸಾಕೆನಿಸಿದರೆ ತುಂಬಿದ ಬಟ್ಟಲನ್ನು ಹಾಗೆಯೇ ಬಿಡಬೇಕು. ಇದನ್ನರಿಯದೆ ನಾನು ಐದು ಸಲ ಕುಡಿದೆ. ಹುರಿದ ಜವೆಗೋಧಿಯ ಹಿಟ್ಟಾದ ‘ಸಂಪಾ’ವನ್ನು ಅದೇ ಚಹಾದಲ್ಲಿ ಬೆರಳಿನಿಂದ ಕಲಸಿ ಮುದ್ದೆ ಮಾಡಿ ತಿನ್ನುವುದನ್ನೂ ಅವರೇ ಕಲಿಸಿದರು. ನಮ್ಮ ಹುರಿಹಿಟ್ಟಿನ ಸೋದರನೇ ಅದು.

ವಿಶ್ರಾಂತಿಯೆಂದರೆ ಈ ಜನರಿಗೆ ಮಲಗುವುದಲ್ಲ. ಮುದುಕರು ಅಂಗಳದಲ್ಲಿ ಕುಳಿತು ‘ಶೋ’ ಆಡುತ್ತಾರೆ. ಇದು ಕವಡೆ ಇಟ್ಟುಕೊಂಡು ದಾಳ ಹಾಕುವ ಆಟ. ಬಟ್ಟಲಿನೊಳಗಿನ ದಾಳವನ್ನು ಚರ್ಮದ ಮೆತ್ತೆಯ ಮೇಲೆ ಬೋರಲು ಬಡಿಯುತ್ತಾರೆ. ನಮ್ಮ ಗುಡಿಕಟ್ಟೆಯ ಪಗಡೆಯಾಟದಲ್ಲಿರುವಷ್ಟೇ ಗದ್ದಲ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಮರದ ನೆರಳಿಗೆ ಹೋಗಿ ಇಡೀ ದಿನ ಕಳೆಯುವ ರೂಢಿಯೂ ಇದೆ. ಅದಕ್ಕೆ ‘ಲಿಂಗ್ಕಾ’ ಎನ್ನುವರು. ಶೀಗಿಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಿಸಿಲು ಇಳಿದ ಮೇಲೆ ತಿರುಗಾಟ. ಇಲ್ಲಿ ಸಂಜೆಯ ನಡಿಗೆಯೇ ಪೂಜೆ. ಮಠ, ಸ್ತೂಪಗಳ ಸುತ್ತ ಕೈಯಲ್ಲಿ ಜಪಚಕ್ರ ತಿರುಗಿಸುತ್ತ ಬಲಗಡೆಯಿಂದ ಪ್ರದಕ್ಷಿಣೆ ಬರುತ್ತಾರೆ. ಹೊರಗಿನವರೂ ಅದೇ ದಿಕ್ಕಿನಲ್ಲಿ ನಡೆಯುವುದು ಮರ್ಯಾದೆ. ಇಲ್ಲಿರುವ ಎರಡು ಮಹಾಮಠಗಳು ಗಾಂದೆನ್ ಮತ್ತು ದ್ರೆಪುಂಗ್. ಮೊದಲನೆಯದನ್ನು 1409ರಲ್ಲಿ ತ್ಸೊಂಗ್‌ಖಾಪಾ ಎಂಬ ಆಚಾರ್ಯರೂ, ಎರಡನೆಯದನ್ನು 1416ರಲ್ಲಿ ಅವರ ಶಿಷ್ಯರೂ ಟಿಬೆಟಿನಲ್ಲಿ ಸ್ಥಾಪಿಸಿದರು. ಅಲ್ಲಿಂದ ಬಂದ ಭಿಕ್ಷುಗಳು ಮೊದಲು ಬಂಗಾಳದ ಬಕ್ಸಾದಲ್ಲಿ, ಹಿಂದೆ ಬ್ರಿಟಿಷರ ಸೆರೆಮನೆಯಾಗಿದ್ದ ಸ್ಥಳದಲ್ಲಿ, ಕ್ಷಯರೋಗಕ್ಕೆ ತುತ್ತಾಗುತ್ತ ವರ್ಷಗಟ್ಟಲೆ ಓದು ಮುಂದುವರಿಸಿದರು. ಅನಂತರವೇ ಮುಂಡಗೋಡಕ್ಕೆ ಬಂದದ್ದು. ‘ದ್ರೆಪುಂಗ್’ ಎಂದರೆ ಅಕ್ಕಿಯ ರಾಶಿ. ಕೃಷ್ಣಾ ನದಿಯ ದಡದ ಅಮರಾವತಿಯ ಪ್ರಾಚೀನ ಬೌದ್ಧಕ್ಷೇತ್ರವಾದ ಧಾನ್ಯಕಟಕದ ಹೆಸರೇ ಟಿಬೆಟಿಗೆ ಹೋಗಿ ಹೀಗಾಯಿತೆನ್ನುತ್ತಾರೆ. ದಕ್ಷಿಣದಿಂದ ಹೊರಟ ಹೆಸರು ಐದು ಶತಮಾನಕ್ಕೂ ಹೆಚ್ಚು ಕಾಲ ಹಿಮದಲ್ಲಿದ್ದು, ನಮ್ಮ ಭತ್ತದ ಗದ್ದೆಗಳ ನಡುವೆ ಬಂದು ನೆಲೆಸಿತು.

ಮಠದ ಅಂಗಳದಲ್ಲಿ ವಾದ ನಡೆದಿತ್ತು. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಜಗಳವೆಂದು ಹೆದರಬೇಕಾಗಿಲ್ಲ, ಇದೇ ಅವರ ತರ್ಕಶಾಸ್ತ್ರದ ಅಭ್ಯಾಸ. ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುವ ನಮ್ಮಂಥವರು ಒಮ್ಮೆ ನೋಡಬೇಕಾದ ದೃಶ್ಯ.

ಹೊರಡುವಾಗ ಅಜ್ಜ ತಮ್ಮ ಹಿತ್ತಲಿನ ಮಾವಿನ ಮರದ ಕೆಳಗೆ ನಿಂತು ಹೇಳಿದ ಮಾತು ಮರೆಯುವಂಥದಲ್ಲ. “ನಮ್ಮಪ್ಪ ಸಾಯೂತನಕ ಒಂದು ಗಿಡ ಹಚ್ಚಲಿಲ್ಲ ತಮ್ಮಾ. ಎರಡು ವರ್ಷದಾಗ ಊರಿಗೆ ಹೋಗೂದೈತಿ, ಗಿಡ ಯಾಕ ಅಂತಿದ್ದ. ಇದನ್ನ ನಾ ಹಚ್ಚಿದೆ. ಈಗ ಹಣ್ಣ ಬಿಡತೈತಿ, ತಿನ್ನಾಕ ಮಕ್ಕಳಿಲ್ಲ, ಕೆನಡಾದಾಗ ಅದಾರ.” ಭಾರತದಲ್ಲಿ 1987ರ ಜುಲೈ 1ಕ್ಕಿಂತ ಮುಂಚೆ ಹುಟ್ಟಿದ ಟಿಬೆಟನ್ನರನ್ನು ಕಾನೂನು ಜನ್ಮತಃ ನಾಗರಿಕರೆಂದು ಎಣಿಸುತ್ತದೆ, ಅಜ್ಜನಂತೆ ಗಡಿ ದಾಟಿ ಬಂದವರ ಕೈಯಲ್ಲಿರುವುದು ಆಗಾಗ ನವೀಕರಿಸಬೇಕಾದ ನೋಂದಣಿಪತ್ರ. ನಾನೂ ಬಿ. ಎ. ಮುಗಿಸಿ ಬೆಂಗಳೂರಿಗೆ ಹೋಗುವವನೇ. ನಮ್ಮ ಮನೆಯಲ್ಲಿ ಕಾಲೇಜು ಹತ್ತಿದವನು ನಾನೊಬ್ಬನೇ. ಊರು ಬಿಡುವವನೂ ನಾನೇ ಮೊದಲು. ಆದರೆ ನಾನು ಬಿಡುವ ಊರು ನನಗಾಗಿ ಅಲ್ಲಿಯೇ ಇರುತ್ತದೆ. ಅಜ್ಜನಿಗೆ ಆ ಭರವಸೆಯಿಲ್ಲ. ಊರು ಬಿಡುವುದಕ್ಕೂ ಊರು ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ನಾನು ಅರಿತದ್ದು ಅಂದು.

ಹೋಗಬಯಸುವ ಮಿತ್ರರಿಗೆ ಕೆಲವು ಸೂಚನೆಗಳು. ನಮಗೆ ಪರವಾನಗಿ ಬೇಕಿಲ್ಲ. ಪರದೇಶದ ಪ್ರಜೆಗಳಿಗೆ ಮಾತ್ರ ಕೇಂದ್ರ ಸರಕಾರದ ಅನುಮತಿ ಬೇಕು. ಚಳಿಗಾಲದಲ್ಲಿ ಅನೇಕ ಕುಟುಂಬಗಳು ಸ್ವೆಟರ್ ಮಾರಲು ದೊಡ್ಡ ಊರುಗಳಿಗೆ ಹೋಗುವುದರಿಂದ ಮನೆಗಳಿಗೆ ಬೀಗವಿರುತ್ತದೆ. ಫೆಬ್ರುವರಿ–ಮಾರ್ಚಿನಲ್ಲಿ ಅವರ ಹೊಸ ವರ್ಷ ‘ಲೋಸಾರ್’ ಬರುತ್ತದೆ. ಆಗ ಎಲ್ಲರೂ ಊರಲ್ಲಿರುತ್ತಾರೆ. ಫೋಟೋ ತೆಗೆಯುವ ಮುಂಚೆ ಕೇಳಿರಿ. “ತಾಶಿ ದೆಲೆ” ಎಂದರೆ ಮುಖಗಳು ಅರಳುತ್ತವೆ.

ರಜೆಯಲ್ಲಿ ತಂದೆಯವರನ್ನೂ ಅದೇ ಹೋಟೆಲಿಗೆ ಕರೆದೊಯ್ದೆ. ಅಷ್ಟು ವರ್ಷ ಆ ಹೊಲಗಳಲ್ಲಿ ದುಡಿದವರು ಅಲ್ಲಿಯ ಮೇಜಿನ ಮುಂದೆ ಕುಳಿತದ್ದು ಅದೇ ಮೊದಲು. ಕುರ್ಚಿಯ ಅಂಚಿನಲ್ಲಿಯೇ ಕುಳಿತರು. ತಿಂಗ್‌ಮೊ ಬಂದಿತು. ಅರ್ಧ ತಿಂದು, ಉಳಿದರ್ಧವನ್ನು ರೂಢಿಯಂತೆ ಟವೆಲ್ಲಿನಲ್ಲಿ ಕಟ್ಟತೊಡಗಿದರು. ಯಾರಿಗೆಂದು ಕೇಳಿದೆ. “ನಿಮ್ಮಜ್ಜಿಗೆ,” ಎಂದರು, “ಈಗ ಹಲ್ಲಿಲ್ಲ, ಮೆತ್ತಗಿಂದ ಬೇಕಂತಾಳ.”

ಆ ಸಂಜೆ ಅಜ್ಜಿ ಅದನ್ನು ಹಾಲಿನಲ್ಲಿ ಅದ್ದಿಕೊಂಡು ತಿಂದಳು.